ಕೋಡಿಯ ಮಟ್ಟದಲ್ಲೊಂದು ಗೆರೆ

ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಲೆಕ್ಕದ ಮೇಡಂ. ಎರಡು ಚರಗಳ ಫಲನ, ಅದರ ಲೆವೆಲ್ ಕರ್ವ್, ಅಂದರೆ ಬೆಲೆ ಒಂದೇ ಆಗಿರುವ ಜಾಗಗಳನ್ನೆಲ್ಲ ಕೂಡಿಸಿದರೆ ಸಿಗುವ ಗೆರೆ. ಬೋರ್ಡಿನ ಮೇಲೆ ಒಂದರೊಳಗೊಂದು ನಾಲ್ಕು ವೃತ್ತ ಎಳೆದು ಕೈ ಒರೆಸಿಕೊಳ್ಳುತ್ತಿದ್ದೆ. ನಿಜವಾದ ಒಂದನ್ನೂ ನಾನು ಕಂಡಿಲ್ಲ ಎಂಬುದು ಹೋದ ವರ್ಷ ಐಪ್ಪಸಿ ತಿಂಗಳ, ಅಂದರೆ ಅಕ್ಟೋಬರ್ ನವೆಂಬರಿನ, ಮಳೆಗೆ ಮುಂಚೆ ಗೊತ್ತಾಯಿತು.

ಕರುಮತ್ತಂಪಟ್ಟಿಯ ಹತ್ತಿರ ಅಪ್ಪನದು ಆರು ಪವರ್‌ಲೂಮಿನ ಶೆಡ್ಡು. ಬಾಗಿಲು ತೆರೆದರೆ ಎದುರಿಗೇ ಕೊಳ. ಅದರ ಹೂಳೆತ್ತಿದವರು ಕೋಡಿಯನ್ನೂ ಎರಡು ವರಸೆ ಕಲ್ಲು ಏರಿಸಿದ್ದರು. ಊರಿಗೆಲ್ಲ ಸಂತೋಷ, ಅಪ್ಪನಿಗೆ ಮಾತ್ರ ದಿಗಿಲು. ಶೆಡ್ಡಿನ ಹಿಂದಿನ ಗೋಡೆಯ ಪಕ್ಕ ಎಂಟು ಪಾವು ನೆಲದ ಮೇಲೆ ಮಲಗಿದ್ದವು. ಪಾವು ಅಂದರೆ ಹಾಸಿನ ನೂಲು ಸುತ್ತಿದ ದಪ್ಪನೆಯ ಉರುಳೆ. ನೇಯ್ದು ಕೊಡೆಂದು ಬೇರೆಯವರು ನಂಬಿ ಕೊಟ್ಟಿದ್ದು. ಅವು ನೆಂದರೆ ಅಪ್ಪನ ಕೈಗೆ ಇನ್ನು ಯಾರೂ ನೂಲು ಕೊಡುವುದಿಲ್ಲ.

ಅಪ್ಪ ಮುಂಬಾಗಿಲಿಗೆ ಸೊಂಟದೆತ್ತರ ಮರಳಿನ ಮೂಟೆ ಪೇರಿಸಿ ನೆಮ್ಮದಿಯ ಉಸಿರು ಬಿಟ್ಟರು. ಕೊಳ ತುಂಬಿದರೆ ನೀರು ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ಅಮ್ಮ ನನ್ನನ್ನು ಕೇಳಿದಳು. ಪುಸ್ತಕ ತೆರೆದರೆ ಇದಕ್ಕೆ ಉತ್ತರವಿಲ್ಲ. ನಮ್ಮ ಹಿತ್ತಲಿಗೆ ಸಮೀಕರಣ ಬರೆದವರು ಯಾರು? ಅಮ್ಮ ಪಕ್ಕದ ಬೀದಿಯ ಗಾರೆ ಮೇಸ್ತ್ರಿಯಿಂದ ಮಟ್ಟ ನೋಡುವ, ನೀರು ತುಂಬಿದ ಪಾರದರ್ಶಕ ಟ್ಯೂಬು ಕೇಳಿ ತಂದಳು.

ಎರಡು ಕೋಲಿಗೆ ಒಂದೇ ಎತ್ತರದಲ್ಲಿ ಗುರುತು ಹಾಕಿ, ಟ್ಯೂಬಿನ ಎರಡು ತುದಿ ಕಟ್ಟಿದೆವು. ಅಮ್ಮನ ಕೋಲು ಕೋಡಿಯ ಕಲ್ಲಿನ ಮೇಲೆ. ನಾನು ನನ್ನ ಕೋಲನ್ನು ಅತ್ತ ಇತ್ತ ಸರಿಸುತ್ತ, ಎರಡೂ ಕಡೆ ನೀರು ಗುರುತಿಗೆ ಬಂದ ಜಾಗದಲ್ಲಿ ಒಂದು ಹಿಡಿ ಸುಣ್ಣ ಹಾಕುವುದು. ಆಮೇಲೆ ಅಮ್ಮ ಆ ಸುಣ್ಣಕ್ಕೆ ಬರುವುದು, ನಾನು ಮುಂದಕ್ಕೆ. ಗೆರೆ ನೆಟ್ಟಗೆ ಹೋಗುತ್ತದೆ ಎಂದುಕೊಂಡಿದ್ದೆ. ಅದು ನಮ್ಮ ಮುಂಬಾಗಿಲಿನಿಂದ ಎಂಟು ಹೆಜ್ಜೆ ಕೆಳಗೇ ಹಾದು, ಬೇವಿನ ಮರವನ್ನು ಬಳಸಿ, ಹಳೆಯ ಕಾಲುವೆಯ ಗುಂಟ ತಗ್ಗಿನ ಹಿತ್ತಲಿಗೆ ತಿರುಗಿತು. ಕೊನೆಗೆ ಶೆಡ್ಡಿನ ಹಿಂದಿನ ಗೋಡೆಗೇ ಬಂದು ಮುಟ್ಟಿತು. ಹಿಂಬಾಗಿಲ ಹೊಸ್ತಿಲಿಗಿಂತ ನಾಲ್ಕು ಬೆರಳು ಮೇಲೆ ನಾನು ಗೋಡೆಗೆ ಸೀಮೆಸುಣ್ಣದಲ್ಲಿ ಗೀಟು ಹಾಕಿದೆ.

ಅಪ್ಪ ನಕ್ಕರು. “ಕೊಳ ಮುಂದ್ಗಡೆ ಐತೆ ಅಮ್ಮಣಿ. ನೀರು ಹಿಂದ್ಗಡೆಯಿಂದ ಯಾಕ್ ಬತ್ತದೆ?”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನೆಟ್ಟಗೆ ಒಳಗೆ ಹೋಗಿ ಒಂದು ಪಾವಿಗೆ ಕೈ ಹಾಕಿ ಎತ್ತಲು ನೋಡಿದೆ. ಅದು ಮಿಸುಕಲಿಲ್ಲ. ನನ್ನ ಕೈಯ ಸುಣ್ಣ ನೂಲಿಗೆ ತಾಗುವುದನ್ನು ನೋಡಲಾರದೆ ಅಪ್ಪ, ಗೊಣಗುತ್ತ, ಪಕ್ಕದ ಶೆಡ್ಡಿನಿಂದ ಇಬ್ಬರನ್ನು ಕರೆದರು. ಎಂಟನ್ನೂ ಇಟ್ಟಿಗೆ ಹಲಗೆಗಳ ಮೇಲೆ ಮಂಡಿಯೆತ್ತರಕ್ಕೆ ಏರಿಸಿದ್ದಾಯಿತು. ಸುಳ್ಳಾದರೆ ವರ್ಷವೆಲ್ಲ ಆಡಿಕೊಳ್ಳುತ್ತಾರೆ ಎಂದು ನನಗೆ ಗೊತ್ತಿತ್ತು.

ಮೂರು ದಿನ ಬಿಡದೆ ಮಳೆ ಹೊಯ್ದು, ನಾಲ್ಕನೆಯ ಬೆಳಿಗ್ಗೆ ಕೊಳ ಕೋಡಿ ಬಿತ್ತು. ನಾನು ಹಿತ್ತಲಿಗೆ ಓಡಿದೆ. ಬೇವಿನ ಮರದ ಸುತ್ತ, ಕಾಲುವೆಯ ಅಂಚಿನಲ್ಲಿ, ನಾವು ಸುಣ್ಣ ಹಾಕುತ್ತ ನಡೆದ ದಾರಿಯಲ್ಲೇ ನೀರಿನ ಅಂಚು ಇತ್ತು. ಹೊಸ್ತಿಲು ದಾಟಿ ಶೆಡ್ಡಿನೊಳಕ್ಕೆ ಸದ್ದಿಲ್ಲದೆ ನುಗ್ಗಿತ್ತು. ಗೋಡೆಯ ಗೀಟಿಗೆ ಬಂದದ್ದು ಅಲ್ಲೇ ನಿಂತಿತ್ತು. ಅಷ್ಟು ದೊಡ್ಡ ನೀರು, ಅಷ್ಟೊಂದು ಅಂಕುಡೊಂಕು, ಆದರೂ ಎಲ್ಲೆಡೆ ಒಂದೇ ಎತ್ತರ. ಇಷ್ಟು ದಿನ ನಾನು ಪಾಠ ಹೇಳಿದ್ದು ನಿಜವೇ ಆಗಿತ್ತಲ್ಲ ಎಂದು, ಯಾರೋ ನನಗೆ ಆಗ ತಾನೆ ಹೇಳಿದ ಹಾಗೆ, ಬೆರಗಾಗಿ ನೋಡಿದೆ.

ಒಳಗೆ ಪಾವುಗಳು ನೆನೆಯದೆ ಒಣಗಿಯೇ ಇದ್ದವು. ಅಪ್ಪ ಒಂದೊಂದರ ಅಡಿಗೂ ಕೈಯಾಡಿಸಿ ಬಂದರು. ಮುಂಬಾಗಿಲ ಮೂಟೆಗಳ ಹತ್ತಿರ ನೀರೇ ಸುಳಿದಿರಲಿಲ್ಲ. ಪಂಚೆ ಎತ್ತಿ ಕಟ್ಟಿ ನೀರಿಗಿಳಿದು, ಗೀಟಿನ ಮೇಲೆ ಬೆರಳಿಟ್ಟು, ಅಲ್ಲಿಂದ ಮೇಲಕ್ಕೆ ಒಂದು ಗೇಣು ಅಳೆದರು.

“ಇನ್ನೊಂದು ಗೇಣು ಏರುದ್ರೆ ಎಲ್ಲಿಗ್ ಬತ್ತದೆ ಅಮ್ಮಣಿ?” ಎಂದರು. “ಅದುನ್ನೂ ಹಾಕ್ಬುಡು. ನಾನು ಕೋಲ್ ಹಿಡೀತೀನಿ.”

ಬೋರ್ಡಿನ ವೃತ್ತ ನೋಡಿದ ಹುಡುಗರು ಯಾರೂ ಕೇಳಿರಲಿಲ್ಲ, ಮುಂದಿನ ಗೆರೆ ಎಲ್ಲಿ ಎಂದು ನನ್ನನ್ನು ಕೇಳಿದ ಮೊದಲನೆಯವರು ಅಪ್ಪ. ನಾನು ಟ್ಯೂಬು ತರಲು ಓಡಿದೆ.