ಅಳಿಯನ ಕಾರೂ ಮಗಳ ಎತ್ತರವೂ

ನಮ್ಮ ವಂಶದಲ್ಲಿ ಎಲ್ಲರೂ ಉದ್ದ. ಹೊಣಕೆರೆ ಕಡೆ ಯಾರಾದರೂ ನಮ್ಮ ಮನೆ ಕೇಳಿದರೆ, ಯಾವ ಮನೆಯಿಂದ ಜನ ತಲೆ ಬಗ್ಗಿಸಿಕೊಂಡು ಈಚೆ ಬರುತ್ತಾರೋ ಅದೇ ಅನ್ನುತ್ತಾರೆ. ನನ್ನ ಮಗಳೂ ನನ್ನ ಕಿವಿಮಟ್ಟಕ್ಕೆ ಬೆಳೆದಳು. ಓದಿ ದನದ ಡಾಕ್ಟರಾದಳು, ಶೀಳನೆರೆ ಕಡೆ ಕೆಲಸ ಸಿಕ್ಕಿತು. ಹಳ್ಳಿ ಹಳ್ಳಿ ತಿರುಗಬೇಕಲ್ಲ ಅಂತ ನನ್ನ ಹಳೇ ಜೀಪನ್ನು ಅವಳಿಗೇ ಕೊಟ್ಟುಬಿಟ್ಟೆ. ಅದರಲ್ಲಿ ಅವಳು ನೆಟ್ಟಗೆ ಕೂತು ಹೋಗುತ್ತಿದ್ದರೆ ಕಬ್ಬಿನ ಗದ್ದೆ ಆಚೆಯಿಂದಲೇ ಜನಕ್ಕೆ ಡಾಕ್ಟರಮ್ಮ ಬಂದರು ಅಂತ ಗೊತ್ತಾಗುತ್ತಿತ್ತು.

ಪಾಂಡವಪುರಕ್ಕೆ ಕೊಟ್ಟು ಮದುವೆ ಮಾಡಿದೆ. ಅಳಿಯ ಕುಳ್ಳ. ಅದು ದೇವರು ಕೊಟ್ಟದ್ದು, ಅದಕ್ಕೆ ನಾನೇನೂ ಅನ್ನುವುದಿಲ್ಲ. ಆದರೆ ಆಸಾಮಿಯ ಷೋಕಿ ದೇವರು ಕೊಟ್ಟದ್ದಲ್ಲವಲ್ಲ! ವರ್ಷ ತುಂಬುವುದರೊಳಗೆ, ಮನೆ ಮುಂದೆ ಎರಡು ಗಾಡಿ ನಿಲ್ಲಿಸಲು ಜಾಗವಿಲ್ಲ, ಹೊಸದನ್ನು ನೀನೇ ಓಡಿಸುವೆಯಂತೆ ಅಂತ ಮಗಳನ್ನು ಪುಸಲಾಯಿಸಿ ಜೀಪು ಮಾರಿಸಿದ. ಬಾಬುರಾಯನಕೊಪ್ಪಲಿನ ಹತ್ತಿರ ಮೈಸೂರು ರಸ್ತೆಯಲ್ಲಿ ಯಾರೋ ಮಾರಲು ನಿಲ್ಲಿಸಿದ್ದ ಕೆಂಪು ಸ್ಪೋರ್ಟ್ಸ್ ಕಾರು ತಂದ. ಎರಡೇ ಸೀಟು, ಮೇಲೆ ಬಟ್ಟೆಯ ಮುಚ್ಚಿಗೆ, ಎತ್ತರ ನನ್ನ ಸೊಂಟದಿಂದ ಮೇಲಕ್ಕೆ ಬರುವುದೇ ಕಷ್ಟ. ಕಾರಂತೆ ಕಾರು! ನಮ್ಮ ಕೊಟ್ಟಿಗೆಯ ಕಲಗಚ್ಚಿನ ಬಾನಿಯಲ್ಲಿ ಇದಕ್ಕಿಂತ ಆರಾಮಾಗಿ ಕೂರಬಹುದು.

ಮಗಳು ಒಂದು ಸಲ ಕೂತು ನೋಡಿದಳಂತೆ. ತಲೆ ಮೇಲಿನ ಬಟ್ಟೆಗೆ ತಗುಲಿತು, ಮಂಡಿ ಸ್ಟೇರಿಂಗಿಗೆ ಸಿಕ್ಕಿಕೊಂಡಿತು. ಅಲ್ಲಿಂದಾಚೆಗೆ ಅವಳಿಗೆ ಬಸ್ಸೇ ಗತಿ. ಬಸ್ಸಿಳಿದು ಯಾರದಾದರೂ ಬೈಕು ಹತ್ತಿ ಹೋಗಬೇಕು. ಹೊತ್ತಲ್ಲದ ಹೊತ್ತಿನಲ್ಲಿ ಕರೆದರೆ ಹೋಗುವ ಹಾಗೇ ಇಲ್ಲ. "ಡಾಕ್ಟ್ರಮ್ಮ ಬಸ್ಸಲ್ ಬರೋ ಒತ್ಗೆ ಅಸ ಸತ್ತೋಗಿರ್ತದೆ ಬುಡು" ಅಂತ ರೈತರು ಅವಳಿಗೆ ಫೋನು ಮಾಡುವುದನ್ನೇ ಕಡಿಮೆ ಮಾಡಿದ್ದರು. ಕಷ್ಟಪಟ್ಟು ಸಂಪಾದಿಸಿದ ಹೆಸರು ಕಣ್ಣೆದುರಿಗೇ ಹೋಗುತ್ತಿತ್ತು. ಫೋನಿನಲ್ಲಿ ಅವಳು ಅದನ್ನು ಹೇಳಿದಾಗ ನನಗೆ ಹೊಟ್ಟೆ ಉರಿದುಹೋಯಿತು.

ಒಂದು ಭಾನುವಾರ ಚೀಲದ ತುಂಬ ಅವರೆಕಾಯಿ ತುಂಬಿಕೊಂಡು ಬಸ್ಸಿನಲ್ಲಿ ಹೋದೆ. ಜಗುಲಿಯ ಮೇಲೆ ಕೂತಿದ್ದ ಬೀಗಿತ್ತಿ, ನಾನು ಕೇಳುವ ಮೊದಲೇ ಶುರು ಮಾಡಿದರು.

"ಕಾರೇನೋ ಚೆನ್ನಾಗೈತೆ ಬೀಗ್ರೇ. ನಿಮ್ ಮಗಳೇ ಒಂಚೂರು ಉದ್ದ ಆದ್ಲು."

ಅಲ್ಲ, ಕಾರು ಗಿಡ್ಡ ಅನ್ನುವುದಕ್ಕೆ ಆ ಮನೆಯಲ್ಲಿ ಒಬ್ಬರಿಗೂ ಬಾಯಿ ಬರಲಿಲ್ಲ ನೋಡಿ! ಮೊದಲು ಕಾರು ತಂದಿಟ್ಟು, ಅದರ ಅಳತೆಗೆ ಹೆಣ್ಣು ಹುಡುಕಿದ್ದರೇನೋ ಅನ್ನುವ ಹಾಗಿತ್ತು ಮಾತು. ಅಳಿಯ ಮೊಬೈಲಿನಲ್ಲಿ ಆ ಕಾರಿನ ಜಾಹೀರಾತು ತೆಗೆದು ನನ್ನ ಮೂಗಿನ ಕೆಳಗೆ ಹಿಡಿದ.

"ನೋಡಿ ಮಾವ, ಎಷ್ಟುದ್ದ ಇರೋರ್ಗೂ ಆರಾಮಾಗಿರ್ತದೆ ಅಂತ ಆಕವ್ರೆ. ನಿಮ್ ಮಗಳಿಗೆ ಕೂರಕ್ಕೆ ಮನಸ್ಸಿಲ್ಲ, ಅಷ್ಟೆ."

"ಅಂಗಾ? ಕೊಡಿ ಇತ್ಲಾಗೆ ಬೀಗದ ಕೈ" ಅಂದೆ.

ಒಳಗೆ ಹೋಗುವುದೇ ಒಂದು ಸಾಹಸ. ಮೊದಲು ಒಂದು ಕಾಲು, ಆಮೇಲೆ ಕುಂಡಿ, ಕೊನೆಗೆ ತಲೆ, ಇನ್ನೊಂದು ಕಾಲನ್ನು ಕೈಯಿಂದ ಎತ್ತಿ ಒಳಗೆ ಹಾಕಿಕೊಳ್ಳಬೇಕು. ಗದ್ದ ಎದೆಗೆ ಒತ್ತಿಕೊಂಡಿತು. ಮಂಡಿಗಳು ಸ್ಟೇರಿಂಗಿನ ಎರಡು ಕಡೆ ಎದ್ದು ನಿಂತವು. ಬೀದಿಯವರೆಲ್ಲ ಕೆಲಸ ಬಿಟ್ಟು ಬಂದು ನೋಡುತ್ತಿದ್ದರು. ಸೀಟಿನ ಕೆಳಗೆ ತಡಕಾಡಿದೆ, ಹಿಂದಕ್ಕೆ ತಳ್ಳುವ ಹಿಡಿ ಸಿಕ್ಕಿತು. ಎಳೆದರೂ ಸೀಟು ಜಗ್ಗಲಿಲ್ಲ. ಕತ್ತು ತಿರುಗಿಸಿ ನೋಡಿದರೆ, ಸೀಟಿನ ಹಿಂದೆ ದೊಡ್ಡದೊಂದು ಸ್ಪೀಕರ್ ಡಬ್ಬ ತುರುಕಿದೆ. ನನ್ನ ಕುಂಡಿ ಕೆಳಗೆ ದಪ್ಪನೆಯ ದಿಂಬು ಬೇರೆ. ಅಳಿಯನಿಗೆ ರಸ್ತೆ ಕಾಣಬೇಕಲ್ಲ, ಅದಕ್ಕೆ.

"ಏನ್ ಅಳಿಯಂದ್ರೇ ಈ ಡಬ್ಬ?"

"ಆಡು ಕೇಳಕ್ಕೆ ಮಾವ. ಎದೆ ಗುಂಯ್ ಅಂತದೆ."

"ಮೇಲಿನ ಬಟ್ಟೆ ತೆಗೆಯಕ್ಕೆ ಬರಲ್ವಾ?"

"ಬತ್ತದೆ. ಧೂಳು ಬೀಳ್ತದೆ ಅಂತ ನಾನೇ ತೆಗ್ದಿಲ್ಲ."

ಎದೆ ಗುಂಯ್ ಅನ್ನಬೇಕಂತೆ! ಇವನ ಹಾಡಿಗೆ ಜಾಗ ಇದೆ, ಇವನ ದಿಂಬಿಗೆ ಜಾಗ ಇದೆ, ನನ್ನ ಮಗಳ ಕಾಲಿಗೆ ಮಾತ್ರ ಜಾಗ ಇಲ್ಲ. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡ ಮಗಳು ಆ ಡಬ್ಬವನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಶೀಳನೆರೆ ಹತ್ತಿರದ ಹಳ್ಳಿಯ ರೈತನೊಬ್ಬ, ಚೊಚ್ಚಲು ಹಸು ಬೆಳಗಿನಿಂದ ಒದ್ದಾಡುತ್ತಿದೆ, ಕರುವಿನ ಒಂದೇ ಕಾಲು ಈಚೆ ಬಂದಿದೆ, ಬೇರೆ ಡಾಕ್ಟರು ಸಿಗುತ್ತಿಲ್ಲ ಅಂತ ಅಳುತ್ತಿದ್ದ. ಬಸ್ಸಿಗೆ ಕಾದರೆ ಎರಡು ಜೀವ ಹೋಗುತ್ತಿದ್ದವು.

"ಇಳಿಯಪ್ಪ" ಅಂದಳು ಮಗಳು.

ಅಳಿಯ ಒಂದು ಕೈ ಹಿಡಿದು ಎಳೆದ ಮೇಲೆ ನಾನು ಈಚೆ ಬಂದೆ. ಮಗಳು ಬಗ್ಗಿ ದಿಂಬನ್ನು ಕಿತ್ತು ಜಗುಲಿಗೆ ಎಸೆದಳು. ವೈರು ಸಮೇತ ಡಬ್ಬವನ್ನು ಹಿರಿದು, "ಅತ್ತೆ, ಇಡ್ಕಳಿ" ಅಂತ ಬೀಗಿತ್ತಿಯ ಮಡಿಲಿಗೆ ಇಟ್ಟಳು. ಕೊಂಡಿ ಬಿಚ್ಚಿ ಮೇಲಿನ ಬಟ್ಟೆಯನ್ನು ಹಿಂದಕ್ಕೆ ಮಡಚಿದಳು. ಸೀಟು ಕಿರ್ ಅಂತ ಹಿಂದಕ್ಕೆ ಸರಿಯಿತು. ನಾನು ಪಕ್ಕದ ಸೀಟಿಗೆ ತೂರಿಕೊಂಡೆ. ಔಷಧಿ ಚೀಲ ನನ್ನ ತೊಡೆಗೆ ಹಾಕಿ, ಕಾಲು ಚಾಚಿ, ಕತ್ತು ನೆಟ್ಟಗೆ ಮಾಡಿ ಕೂತಳು. ಮುಂದಿನ ಗಾಜಿಗಿಂತ ಅವಳ ತಲೆ ಮೇಲಿತ್ತು.

"ಏಯ್, ಬಿಸ್ಲು ಕಣೇ, ಸೀಟು ಆಳಾಯ್ತದೆ!" ಅಂತ ಅಳಿಯ ಕೂಗಿದ. ಅಲ್ಲಿ ಹಸು ಸಾಯುತ್ತಿದೆ, ಇವನಿಗೆ ಸೀಟಿನ ಚಿಂತೆ. ಥೂ!

ಹೊರಟೆವು. ರಸ್ತೆಯ ಪ್ರತಿಯೊಂದು ಹಂಪಿನಲ್ಲೂ ಕಾರಿನ ಹೊಟ್ಟೆ ಕರ್ರ್ ಅಂತ ಉಜ್ಜಿತು. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಎದುರಿಗೆ ಬಂದ ಕಬ್ಬಿನ ಟ್ರಾಕ್ಟರಿನವನು ನಿಲ್ಲಿಸಿ, "ಏನಣ್ಣೋ, ಕಾರೊಳ್ಗೆ ನಿಂತ್ಕಂಡ್ ಓಯ್ತಾ ಇದ್ದೀರಾ?" ಅಂದ. ಮಗಳು ಎಷ್ಟೋ ತಿಂಗಳ ಮೇಲೆ ಬಾಯ್ತುಂಬ ನಕ್ಕಳು.

ಕೊಟ್ಟಿಗೆಯಲ್ಲಿ ಹಸು ನೆಲ ಹಿಡಿದಿತ್ತು. ಮಗಳು ಹೆಗಲವರೆಗೆ ಕೈ ಒಳಗೆ ಬಿಟ್ಟು, ಹಿಂದಕ್ಕೆ ಮಡಚಿಕೊಂಡಿದ್ದ ಇನ್ನೊಂದು ಕಾಲನ್ನು ಹುಡುಕಿ ಮುಂದಕ್ಕೆ ತಂದಳು. ಬೀಗಿತ್ತಿಗೆ ಜಾಸ್ತಿಯಾದ ಉದ್ದ ಆ ಹಸುವಿಗೆ ಸರಿಯಾಗಿತ್ತು. ನಾನೂ ರೈತನೂ ಹಗ್ಗ ಎಳೆದೆವು. ಕರು ಜಾರಿ ಬಿತ್ತು, ಸೀನಿತು, ತಲೆ ಕೊಡವಿತು. ರೈತ ಕೈ ಮುಗಿದು, "ನೀವ್ ಬತ್ತೀರಿ ಅಂತ ಗೊತ್ತಿದ್ರೆ ಬೆಳಿಗ್ಗೆನೇ ಫೋನ್ ಮಾಡ್ತಿದ್ದೆ ಕಣವ್ವ" ಅಂದ.

"ಇನ್ಮೇಲೆ ಮಾಡಿ. ಬತ್ತೀನಿ" ಅಂದಳು.

ಸಂಜೆ ಪಾಂಡವಪುರಕ್ಕೆ ವಾಪಸು ಬಂದಾಗ ಅವಳ ಬಟ್ಟೆಯಲ್ಲಿದ್ದ ರಕ್ತ, ಸಗಣಿ, ಗಂಜಲ ಎಲ್ಲ ಸೀಟಿಗೂ ಹತ್ತಿತ್ತು. ಅಳಿಯ ಕರ್ಚೀಫು ಮೂಗಿಗೆ ಒತ್ತಿಕೊಂಡು ಕಾರಿನ ಸುತ್ತ ತಿರುಗಿದ.

"ನೀವ್ ಏಳಿದ್ದು ನಿಜ ಕಣ್ರೀ" ಅಂದಳು ಮಗಳು, ತಣ್ಣಗೆ. "ಎಷ್ಟುದ್ದ ಇರೋರ್ಗೂ ಆರಾಮಾಗೈತೆ. ನಾಳೆಯಿಂದ ದಿನಾ ಇದ್ರಲ್ಲೇ ಓಯ್ತೀನಿ." ಬೀಗದ ಕೈಯನ್ನು ಔಷಧಿ ಚೀಲಕ್ಕೆ ಹಾಕಿಕೊಂಡು ಸ್ನಾನಕ್ಕೆ ಹೋದಳು.

ಹೇಳಿದ ಹಾಗೇ ಹೋದಳು. ಮುಂದಿನ ವಾರ ಅಳಿಯನ ಫೋನು ಬಂತು, ದನಿ ಬೆಕ್ಕಿನ ಮರಿಯ ಹಾಗಿತ್ತು.

"ಮಾವ, ನಮ್ ಜೀಪು ನಾಗಮಂಗಲದಲ್ಲಿ ಯಾರ್ ತಾವ ಐತೆ ಅಂತ ನಿಮ್ಗೆ ಗೊತ್ತಂತೆ. ವಾಪಸ್ ತಗಳಣಾ ಅಂತಿದ್ದೆ."

"ಯಾಕ್ ಅಳಿಯಂದ್ರೇ?"

"ಈ ಕಾರಲ್ಲಿ ಕೂರಕ್ಕಾಗ್ತಿಲ್ಲ ಮಾವ, ವಾಸ್ನೆ."

"ಕಾರೇನೋ ಚೆನ್ನಾಗೈತೆ ಬುಡಿ" ಅಂದೆ. "ನಿಮ್ಗೇ ಕೂರಕ್ಕೆ ಮನಸ್ಸಿಲ್ಲ, ಅಷ್ಟೆ."