ಗೋಸುಂಬೆಯ ಬಾಣಂತನ

ಕಳೆದ ಮಂಗಳವಾರ ನಾನು ಒಂದು ಗೋಸುಂಬೆಗೆ ಬಾಣಂತನ ಮಾಡಿದೆ. ನಗಬೇಡಿರಿ. ಅದರ ಜೀವ ಹೋಗುವುದರಲ್ಲಿತ್ತು.

ಗೋಸುಂಬೆ ನನ್ನ ಮಗ ಗುರುನಾಥನದು. ಅವನು ಇಲ್ಲೇ ವಿಜಾಪುರದಲ್ಲಿ ಹೈಸ್ಕೂಲಿನ ಸೈನ್ಸ್ ಮಾಸ್ತರ. ಬಿಜ್ಜರಗಿ ಹಳ್ಳಿಯ ಬೇಲಿಯಲ್ಲಿ ಸಿಕ್ಕಿತೆಂದು ಹುಡುಗರಿಗೆ ತೋರಿಸಲು ತಂದ. ಚಹಾ ಬರುವ ಕಟ್ಟಿಗೆಯ ಪೆಟ್ಟಿಗೆಗೆ ಮುಂದೆ ಜಾಳಿಗೆ ಬಡಿದು, ಒಳಗೊಂದು ಟೊಂಗೆ ಇಟ್ಟು ಮನೆ ಮಾಡಿದ. ಅದರ ಊಟಕ್ಕೆ ಒಂದು ಗಡಿಗೆ ಮಿಡತೆ. (ಮಿಡತೆಯ ಊಟಕ್ಕೆ ಮತ್ತೆ ಹಸಿ ಸೊಪ್ಪು. ಒಂದನ್ನು ಸಾಕಹೋದರೆ ನೂರನ್ನು ಸಾಕಬೇಕು.)

ಈಗ ಪುಷ್ಯದ ಥಂಡಿ. ಗೋಸುಂಬೆ ಇದ್ದಿಲಿನಂತೆ ಕಪ್ಪಾಗಿ, ಊಟ ಬಿಟ್ಟು ಕುಳಿತಿತು. ಮಿಡತೆಗಳೂ ಜಿಗಿಯಲೊಲ್ಲವು. ಗುರುನಾಥ ಜಾಳಿಗೆಯ ಹೊರಗೆ ಲಾಟೀನು ತೂಗಹಾಕಿದ್ದ. ಆದರೆ ಚಿಮಣಿ ಎಣ್ಣೆಗೆ ರೇಶನ್. ಹಗಲೆಲ್ಲ ಅದಕ್ಕೆ ಉರಿಸಿ ನಾವು ಕತ್ತಲಲ್ಲಿ ಉಣ್ಣುವುದೇ?

ಅಷ್ಟರಲ್ಲಿ ಅವನಿಗೆ ಎರಡು ದಿನ ತಿಕೋಟಾದಲ್ಲಿ ಕೆಲಸ ಬಂತು.

"ಅವ್ವಾ, ಅದಕ್ಕ ನಮ್ಮಂಗ ಮೈಯಾಗ ಶಾಖ ಹುಟ್ಟೂದಿಲ್ಲ. ಹೊರಗಿಂದನ ಕೊಡಬೇಕು. ಬೆಚ್ಚಗ ಇಡು," ಎಂದು ಹೇಳಿ ಮೋಟಾರು ಹತ್ತಿದ.

ಬೆಚ್ಚಗಿಡುವುದನ್ನು ನನಗೆ ಕಲಿಸಬೇಕೇ? ಐದು ಹೆತ್ತವಳು ನಾನು. ಒಳಕೋಣೆಯಲ್ಲಿ ಮಗಳು ನೀಲವ್ವ ಹದಿನಾಲ್ಕು ದಿನದ ಬಾಣಂತಿ. ಅವಳ ಹೊರಸಿನ ಕೆಳಗೆ ಎರಡು ಹೊತ್ತೂ ಕೆಂಡದ ಶೇಗಡಿ, ಕೆಂಡದ ಮೇಲೆ ಲೋಬಾನ, ಅಜವಾನ. ಇದಕ್ಕೂ ಅದೇ ಪದ್ಧತಿ ಎಂದುಕೊಂಡೆ. ಪಡಸಾಲೆಯಲ್ಲಿ ಪೆಟ್ಟಿಗೆಯನ್ನು ನಾಲ್ಕು ಇಟ್ಟಂಗಿಯ ಮೇಲೆ ಎತ್ತಿಟ್ಟೆ. ಕೆಳಗೆ ಇನ್ನೊಂದು ಶೇಗಡಿ. ಮೇಲೆ ಕಂಬಳಿ. ಮಿಡತೆಯ ಗಡಿಗೆಯನ್ನೂ ಕೆಂಡದ ಒತ್ತಿಗೆ ಸರಿಸಿದೆ. ಒಂದು ಚಿಟಿಕೆ ಅಜವಾನ ಉದುರಿಸುವುದನ್ನೂ ಮರೆಯಲಿಲ್ಲ.

ಪಕ್ಕದ ಮನೆಯ ಸಂಗವ್ವ ಹಣಿಕಿ ಹಾಕಿದಳು.

"ಗೌರಕ್ಕಾ, ಗೋಸುಂಬಿಗೂ ಬಾಣಂತನಾ? ಕೂಸು ಎಲ್ಲೈತಿ?"

"ಇದ ಕೂಸು. ನಿನ್ನಂಗ ಗಳಿಗಿಗೊಂದು ಬಣ್ಣ ತೋರಸ್ತೈತಿ. ನಿನ್ನ ತೊಡಿಮ್ಯಾಲೆ ಹಾಕಲೇನು?" ಎಂದೆ. ಓಡಿದಳು.

ಒಂದು ತಾಸು ಆಗಿರಬಹುದು. ಕಂಬಳಿ ಎತ್ತಿ ನೋಡಿದೆ. ಕಪ್ಪು ಹೋಗಿ ಮೈ ಬಿಳಿಚಿಕೊಂಡಿತ್ತು. ಬಾಯಿ ಅಗಲವಾಗಿ ತೆರೆದಿತ್ತು.

"ನೀಲಾ, ನೋಡ ಬೇ! ಹಸಿವಿ ಆಗೇತಿ ಇದಕ್ಕ!" ಎಂದು ಗಡಿಗೆಗೆ ಕೈ ಹಾಕಿದೆ. ಒಂದು ಮಿಡತೆಯೂ ಮಿಸುಕಲಿಲ್ಲ. ಎಲ್ಲವೂ ಹುರಿದಂತಾಗಿದ್ದವು.

ನೀಲವ್ವ ಹೊರಸಿನಿಂದಲೇ ಕತ್ತು ಎತ್ತಿ ಕೋಣೆಯ ಬಾಗಿಲಿನಿಂದ ನೋಡಿದಳು. "ಯವ್ವಾ, ಹಸಿವಿ ಅಲ್ಲ ಅದು, ಸೆಕಿ! ಸಾಯಾಕತ್ತೈತಿ, ಬೆಂಕಿ ತಗಿ!"

"ನಿನಗ ಹೆಂಗ ಗೊತ್ತ ಬೇ?"

"ನಾನೂ ದಿನಾ ಹಂಗ ಬಾಯಿ ತಕ್ಕೊಂಡ ಮಲಗಿರತೇನಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಇಳಿದು ಬಂದು (ಬಾಣಂತಿ!) ಕಂಬಳಿ ಕಿತ್ತೆಸೆದಳು. ನಾನು ಶೇಗಡಿ ಎಳೆದೆ, ತಲಬಾಗಿಲ ಕದ ತೆಗೆದೆ. ಗೋಸುಂಬೆ ಮೇಲಿನ ಮೂಲೆಯಲ್ಲಿ ಜಾಳಿಗೆ ಹಿಡಿದು ಜೋತುಬಿದ್ದಿತ್ತು. ಪಾಪ, ಹೋಗುವುದಾದರೂ ಎಲ್ಲಿಗೆ? ಕೆಳಗೆ ಕೆಂಡ, ಮೇಲೆ ಕಂಬಳಿ, ಸುತ್ತೆಲ್ಲ ಹೊಗೆ. ಕಣ್ಣು ಮುಚ್ಚಿಬಿಟ್ಟಿತ್ತು. ನಂಬಿ ಬಿಟ್ಟುಹೋದ ಮಗನಿಗೆ ಏನು ಮುಖ ತೋರಿಸಲಿ ಎಂದು ಸೆರಗಿನಿಂದ ಗಾಳಿ ಬೀಸಿದೆ.

ಬಹಳ ಹೊತ್ತಿನ ಮೇಲೆ ಒಂದು ಕಣ್ಣು ತಿರುಗಿತು. ಆಮೇಲೆ ಬಾಯಿ ಮುಚ್ಚಿತು. ಉಸ್ಸಪ್ಪಾ!

ಮುಂದಿನದೆಲ್ಲ ನೀಲವ್ವನ ಕಾರುಭಾರು. ಶೇಗಡಿ ಪೆಟ್ಟಿಗೆಯ ಕೆಳಗಲ್ಲ, ಒಂದೇ ಬದಿಗೆ, ಮೊಳ ದೂರ. ಇನ್ನೊಂದು ಬದಿ ತಂಪು. ಕಂಬಳಿ ಇಲ್ಲ, ಅಜವಾನ ಇಲ್ಲ. ಟೊಂಗೆಯನ್ನು ಈ ತುದಿಯಿಂದ ಆ ತುದಿಗೆ ಅಡ್ಡ ಇಟ್ಟಳು. ಗೋಸುಂಬೆ ಮೊದಲು ತಂಪಿನ ಕಡೆಗೆ ಹೋಯಿತು. ಆಮೇಲೆ ಒಂದೊಂದೇ ಹೆಜ್ಜೆ ಇಡುತ್ತ ತಿರುಗಿ ಬಂದು ನಟ್ಟನಡುವೆ ಕುಳಿತಿತು. ಅದಕ್ಕೆ ಯಾರೂ ಹೇಳಿಕೊಡಲಿಲ್ಲ. ಸಂಗವ್ವ ತನ್ನ ಜೋಳದ ಕಣಿಕೆಯ ಬಣವೆಯಿಂದ ಎಂಟು ಮಿಡತೆಗಳನ್ನು ಸೆರಗಿನಲ್ಲಿ ಕಟ್ಟಿ ತಂದಳು. (ಬಾಯಿ ಕೆಟ್ಟದು, ಮನಸ್ಸು ಒಳ್ಳೆಯದು.) ಅವುಗಳ ಗಡಿಗೆಯನ್ನು ಕೆಂಡದಿಂದ ದೂರ ಇಟ್ಟೆವು. ಸಂಜೆಗೆ ಗೋಸುಂಬೆ ನಾಲಿಗೆ ಚಾಚಿ ಒಂದನ್ನು ನುಂಗಿತು!

ಗುರುನಾಥ ಬಂದವನೇ ಪೆಟ್ಟಿಗೆ ನೋಡಿ ಕಣ್ಣರಳಿಸಿದ. "ಅವ್ವಾ, ಬರೋಬ್ಬರಿ ಮಾಡೀದಿ! ಒಂದ ಕಡೆ ಬಿಸಿ, ಒಂದ ಕಡೆ ತಂಪು. ಬ್ಯಾಡಾದಾಗ ಅದ ಸರಕೋತೈತಿ. ಯಾರು ಹೇಳಿದ್ರು?"

"ನಿನ್ನ ತಂಗಿ," ಎಂದೆ.

ಮರುದಿನ ನೀಲವ್ವನ ಶೇಗಡಿಯನ್ನೂ ಹೊರಸಿನ ಕೆಳಗಿನಿಂದ ತೆಗೆದು ಬಾಗಿಲ ಕಡೆಗೆ ಇಟ್ಟೆ. ಕಿಟಕಿ ತೆರೆದೆ. ಸಂಗವ್ವ ಹೌಹಾರಿದಳು. "ಬಾಣಂತಿಗೆ ಥಂಡಿ ಹತ್ತತೈತಿ, ಗೌರಕ್ಕಾ!"

ಒಳಗಿನಿಂದ ನೀಲವ್ವ ಅಂದಳು: "ಹತ್ತಿದ್ರ ಹೇಳತೇನ್ರಿ ಕಾಕು. ನನಗ ಬಾಯಿ ಐತಿ."

ಐದು ಬಾಣಂತನದಲ್ಲಿ ನಾನೂ ಹಾಗೆಯೇ ಬೆಂದವಳು. ನನ್ನ ಅವ್ವನಿಗೆ ನಾನು ಹೇಳಲಿಲ್ಲ. ನನ್ನ ಮಗಳನ್ನು ನಾನು ಕೇಳಲಿಲ್ಲ.

ನಿಮ್ಮ ಮನೆಯಲ್ಲಿ ಹೊರಸಿನ ಮೇಲಿರುವವಳಿಗೆ ಸರಿದುಕೊಳ್ಳಲು ಜಾಗ ಬಿಟ್ಟಿದ್ದೀರೇನು?