ರಕ್ತ ಕೊಟ್ಟ ಅಕ್ಕ

ಅಕ್ಕನ ಮೊಣಕೈ ಒಳಮಡಿಕೆಯಲ್ಲಿ ನೀಲಿ, ಹಸಿರು, ಹಳದಿ ಕಲೆಗಳು ಒಂದರ ಮೇಲೊಂದು ಎದ್ದಿರುತ್ತಿದ್ದವು. ರಕ್ತನಾಳ ಸೂಜಿ ಕಂಡರೆ ಜಾರಿಕೊಳ್ಳುತ್ತಿತ್ತು. ನಾನು ತಡಕಾಡುತ್ತಿದ್ದರೆ ಅವರೇ ಧೈರ್ಯ ಹೇಳುತ್ತಿದ್ದರು: "ಚುಚ್ಚು ತಂಗಿ. ಕೂಗಿದ್ರ ನಾ ಕೂಗಬೇಕು, ನೀ ಯಾಕ ಬೆವರ್ತಿ?"

ಒಡಹುಟ್ಟಿದ ಅಕ್ಕನಲ್ಲ, ನಮ್ಮ ಆಸ್ಪತ್ರೆಯ ರೋಗಿ. ವಿಜಯಪುರದ ಕಡೆಯವರು, ಮಹಾನಗರಕ್ಕೆ ಬಂದು ನೆಲೆಸಿದ್ದರು. ಭಾಂಡುಪ್‌ನ ಸಾಲುಮನೆಗಳ ಚಾಳಿನಲ್ಲಿ ಬ್ಲೌಸ್ ಹೊಲಿಯುತ್ತಿದ್ದರು. ಹೆರಿಗೆಯಲ್ಲಿ ಕೂಸು ಉಳಿಯಲಿಲ್ಲ. ಆಗ ಏರಿಸಿದ ರಕ್ತದಿಂದ ಬಂದ ಹೆಪಟೈಟಿಸ್ ಸಿ ಉಳಿಯಿತು. ಈಗಿನ ಮಾತ್ರೆಗಳು ಬರುವ ಮುಂಚಿನ ಮಾತು. ವಾರಕ್ಕೊಮ್ಮೆ ಹೊಟ್ಟೆಗೆ ಇಂಟರ್‌ಫೆರಾನ್ ಇಂಜೆಕ್ಷನ್. ಆ ಮದ್ದಿಗೆ ರೋಗಿಯ ಬಿಳಿ ರಕ್ತಕಣಗಳು ಹೇಗೆ ಎಚ್ಚೆತ್ತು, ವೈರಸ್ ಹೊಕ್ಕ ಜೀವಕೋಶಗಳನ್ನು ಕೊಲ್ಲುತ್ತವೆ ಎಂಬುದು ನನ್ನ ಪಿಎಚ್.ಡಿ. ವಿಷಯ. ಅದಕ್ಕಾಗಿ ಚಿಕಿತ್ಸೆಯುದ್ದಕ್ಕೂ ರೋಗಿಗಳ ರಕ್ತ ತೆಗೆಯಬೇಕಿತ್ತು. ಆಂಟಾಪ್ ಹಿಲ್‌ನಲ್ಲಿ ಕನ್ನಡಿಗರ ನಡುವೆ ಬೆಳೆದ ನನಗೆ ಕನ್ನಡ ಬರುತ್ತದೆಂದು ಆಸ್ಪತ್ರೆಯವರು ಅಕ್ಕನನ್ನು ನನಗೇ ವಹಿಸಿದ್ದರು.

ಮದ್ದು ಅವರನ್ನು ಹಿಂಡಿಹಾಕಿತು. ಜ್ವರ, ನಡುಕ, ಸುಮ್ಮಸುಮ್ಮನೆ ಅಳು. ಮನೆಯಲ್ಲಿ ಗಂಡ ಮತ್ತು ಅತ್ತೆ ಅವರ ತಟ್ಟೆ, ಲೋಟ ಬೇರೆ ಇಟ್ಟು, ನೀರಿನ ಡ್ರಮ್ ಮುಟ್ಟಕೂಡದೆಂದು ಹೇಳಿದ್ದರು.

"ಮನ್ಯಾಗ ನಾ ಮುಟ್ಟಿದ ನೀರು ಯಾರೂ ಕುಡಿಯಂಗಿಲ್ಲ. ನೀ ನೋಡಿದ್ರ ನನ್ನ ರಕ್ತಾನ ಬಂಗಾರದಂಗ ಜ್ವಾಕಿ ಮಾಡ್ತಿ," ಎಂದು ಒಮ್ಮೆ ನಕ್ಕರು.

ಅವರ ಬಿಳಿಕಣಗಳು ಕಾದಾಡಿದ ರೀತಿಗೆ ನಮ್ಮ ಲ್ಯಾಬೇ ಬೆರಗಾಯಿತು. ಅದನ್ನು ಹೇಳಿದೆ.

"ಅವಕ್ಕರೆ ಧೈರ್ಯ ಬಂತಲ್ಲ! ಒಂದಿಷ್ಟು ನಮ್ಮತ್ತಿ ಮ್ಯಾಲ ಬಿಡಾಕ ಬರ್ತದೇನು?"

ವೈರಸ್ ಹೋಯಿತು. ಚಿಕಿತ್ಸೆ ಮುಗಿದು ತಿಂಗಳುಗಳಾದರೂ ಮರಳಲಿಲ್ಲ. ಮನೆಯವರಿಗೆ ತಿಳಿಸಿ ಹೇಳೋಣವೆಂದು ನಾನೇ ಅವರ ಜೊತೆ ಹೋದೆ.

"ಈ ರೋಗ ನೀರಿಂದ, ಊಟದಿಂದ ಮೊದಲೂ ಹರಡ್ತಿರಲಿಲ್ಲ. ಈಗಂತೂ ರೋಗವೇ ಇಲ್ಲ," ಎಂದೆ.

ಗಂಡ ಟಿವಿಯಿಂದ ಕಣ್ಣು ತೆಗೆಯಲಿಲ್ಲ. "ನಿನ್ನ ಮಷಿನಿಗೆ ಕಾಣವಲ್ದು, ಅಷ್ಟ," ಎಂದಳು ಅತ್ತೆ.

ಅಕ್ಕ ಎದ್ದರು. ಬಳೆ ಮೇಲೇರಿಸಿ, ಡ್ರಮ್ಮಿನ ಮುಚ್ಚಳ ತೆಗೆದು, ತೋಳನ್ನು ಪೂರ್ತಿ ನೀರಿಗಿಳಿಸಿದರು. ಅತ್ತೆ ಬೆಳಿಗ್ಗೆ ನಳದಲ್ಲಿ ಹಿಡಿದಿಟ್ಟ ಅಷ್ಟೂ ನೀರನ್ನು ಮೋರಿಗೆ ಚೆಲ್ಲಿದಳು. ಮರುದಿನ ನಳ ಬರುವತನಕ ಮನೆಮಂದಿಯೆಲ್ಲ ಬಾಯಾರಿ ಕೂತರಂತೆ.

"ಅವತ್ತು ಭಾಳ ಚಂದ ನಿದ್ದಿ ಬಂತು," ಎಂದರು ಅಕ್ಕ.

ಆದರೆ ವೈರಸ್ ಹೋಗುವಷ್ಟರಲ್ಲಿ ಲಿವರ್ ಗಂಟುಗಂಟಾಗಿ ಗಟ್ಟಿಯಾಗಿತ್ತು. ಅದು ಮತ್ತೆ ಮೆತ್ತಗಾಗಲಿಲ್ಲ. ಚಿಕಿತ್ಸೆ ಮುಗಿದ ಎರಡನೇ ವರ್ಷ ರಕ್ತ ಕಾರಿಕೊಂಡು ತೀರಿಕೊಂಡರು. ಗಂಡ ಫೋನ್ ಮಾಡಿದ: "ಮೈ ತೊಳಿಯಾಕ ಯಾರೂ ಮುಂದ ಬರವಲ್ರು. ನಿಮಗ ಇಂಥಾದ್ದೆಲ್ಲಾ ರೂಢಿ ಐತೆಲ್ರಿ, ಬರ್ರಿ."

ಚಾಳಿನ ಹೆಂಗಸರು ಮೂಗಿಗೆ ಸೆರಗು ಹಿಡಿದು ಗ್ಯಾಲರಿಯಲ್ಲಿ ನಿಂತಿದ್ದರು. ನಾನೊಬ್ಬಳೇ ಸ್ನಾನ ಮಾಡಿಸಿದೆ. ಅವರೇ ಹೊಲಿದುಕೊಂಡಿದ್ದ ಹಸಿರು ಬ್ಲೌಸ್ ತೊಡಿಸಿ, ಹಣೆಗೆ ಕುಂಕುಮವಿಟ್ಟೆ. ಅವರು ಕೊಟ್ಟ ರಕ್ತದಿಂದ ಡಾಕ್ಟರೇಟ್ ಪಡೆದವಳು ನಾನು. ತಿರುಗಿ ಕೊಡಲು ಸಾಧ್ಯವಾದದ್ದು ಇಷ್ಟೇ.

ಮೆಟ್ಟಿಲಿಳಿಯುವಾಗ ಹಿಂದೆ ಬಕೆಟ್ ಎಳೆದ ಸದ್ದಾಯಿತು. ತಿರುಗಿ ನೋಡಿದೆ. ನಾನು ಕಾಲಿಟ್ಟಲ್ಲೆಲ್ಲ ಗಂಡ ಫಿನಾಯಿಲ್ ಸುರಿಯುತ್ತಿದ್ದ.